ಪಾಸಾದವರನ್ನು ಹುಡುಕಿಕೊಂಡು ಹೋದವರು

ಕಳೆದ ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಹದಿನೈದು ನಿಮಿಷ. ಸ್ಥಳ, ಹೊಳಲ್ಕೆರೆಯ ನಮ್ಮ ನಿವೃತ್ತ ನೌಕರರ ಸಂಘದ ಕೊಠಡಿ. ಹಾಜರಿದ್ದವರು ಹನ್ನೊಂದು ಮಂದಿ. ಬರುತ್ತೇವೆಂದು ಹೇಳಿ ಬಾರದವರು ನಾಲ್ವರು. ಅವರಲ್ಲಿ ಇಬ್ಬರು ಆಮೇಲೆ ತಿಂಡಿಯ ಹೊತ್ತಿಗೆ ಬಂದರು. ಅಧ್ಯಕ್ಷರು ನಿವೃತ್ತ ಶಿರಸ್ತೇದಾರರು. ಕಾರ್ಯದರ್ಶಿಯಾಗಿ ನಡಾವಳಿ ಬರೆದವನು ನಾನು, ನಿವೃತ್ತ ಮುಖ್ಯೋಪಾಧ್ಯಾಯ. ವಿಷಯ ಒಂದೇ: ನಮ್ಮ ತಾಲ್ಲೂಕಿನಲ್ಲಿ ಬಹುಕಾಲ ನೇತ್ರಾಧಿಕಾರಿಯಾಗಿದ್ದು ನಿವೃತ್ತರಾಗಿ, ಹಿಂದಿನ ವಾರ ಹಿರಿಯೂರು ಕಡೆಯ ಆದಿವಾಲದಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡ ಹೆಣ್ಣುಮಗಳಿಗೆ ಸಂತಾಪ ಸೂಚಿಸುವುದು.

ಮೇಜಿನ ಮೇಲಿಡಲು ಒಂದು ಫೋಟೋ ಬೇಕಿತ್ತು. ಸಂಘದ ಆಲ್ಬಮ್ಮಿನಲ್ಲಿ ಕಣ್ಣಿನ ಶಿಬಿರಗಳ ಫೋಟೋ ಬೇಕಾದಷ್ಟಿವೆ. ಎಲ್ಲದರಲ್ಲೂ ಮುಂದಿನ ಸಾಲಿನಲ್ಲಿ ನಾವು, ಶಾಲು ಹೊದ್ದುಕೊಂಡು ನಿಂತಿದ್ದೇವೆ. ಆಕೆ ಇರುವುದು ಹಿಂದೆ, ಯಾರದೋ ಕಣ್ಣಿನ ಮೇಲೆ ಬಗ್ಗಿಕೊಂಡು. ಕಾಣುವುದು ಜಡೆ ಮತ್ತು ಬೆನ್ನು ಮಾತ್ರ. "ಬೆನ್ನಿಗೇ ಹಾರ ಹಾಕ್ಬೇಕಾಗ್ತೈತೆ" ಎಂದು ಖಜಾಂಚಿ ಹೇಳಿದ ಮೇಲೆ ಫೋಟೋದ ಆಸೆ ಬಿಟ್ಟು ಬರೀ ದೀಪ ಹಚ್ಚಿದೆವು.

ಆರು ಮಂದಿ ಮಾತಾಡಿದರು. ಒಬ್ಬರು ತಮ್ಮ ಮಂಡಿ ಆಪರೇಷನ್ನಿನ ಬಗ್ಗೆ ಮಾತಾಡಿದರು. ಇನ್ನೊಬ್ಬರು ತಾವು ಸೇವೆಯಲ್ಲಿದ್ದಾಗ ಕಚೇರಿ ಎಷ್ಟು ಶಿಸ್ತಾಗಿತ್ತು ಎಂದು ವಿವರಿಸಿದರು. ಮೂರನೆಯವರು "ಆಕೆ ನಮ್ಮ ಪಾಲಿನ ಬೆಳಕು" ಎಂದು ಶುರು ಮಾಡಿ ಕರೆಂಟು ಹೋಗುವ ವಿಷಯಕ್ಕೆ ಬಂದು ನಿಂತರು. ಯಾರೂ ಹೇಳದೆ ಬಿಟ್ಟದ್ದನ್ನು ಸಂಘದ ವಾರ್ಷಿಕ ಸಂಚಿಕೆಗಾಗಿ ನಾನು ಬರೆಯುತ್ತಿದ್ದೇನೆ. ಆಕೆಯ ಕೊನೆಯ ಮೂರು ವರ್ಷಗಳು ಒಂದು ತಪ್ಪನ್ನು ತಿದ್ದುವುದರಲ್ಲಿ ಹೋದವು. ಆ ತಪ್ಪು ನನ್ನದು. ಅದರಿಂದಾಗಿ ಗೊತ್ತಿಲ್ಲದಂತೆ ದೃಷ್ಟಿ ಕಳೆದುಕೊಳ್ಳುತ್ತಿದ್ದ ಜನರನ್ನು, ಪೂರ್ತಿ ಕಳೆದುಕೊಳ್ಳುವ ಮುಂಚೆ ಹಿಡಿದು ಚಿತ್ರದುರ್ಗದ ಆಸ್ಪತ್ರೆಗೆ ಮುಟ್ಟಿಸುವುದೊಂದೇ ಆಕೆಗೆ ಉಳಿದಿದ್ದ ಕೆಲಸ.

ಹೆಸರು ಬರೆಯುವುದಿಲ್ಲ. ಒಮ್ಮೆ ಶಾಲೆಯ ನೀರಿನ ತೊಟ್ಟಿಯ ಮೇಲೆ ಆಕೆಯ ಹೆಸರು ಕೆತ್ತಿಸೋಣ ಎಂದು ಸಂಘದಲ್ಲಿ ಠರಾವು ಮಾಡಿದ್ದೆವು. "ಹೆಸ್ರು ಚೀಟಿ ಮ್ಯಾಲಿರ್ಬೇಕು ಮೇಷ್ಟ್ರೇ, ಕಲ್ಲಿನ ಮ್ಯಾಲಲ್ಲ. ಅದೂ ರೋಗಿ ಹೆಸ್ರು" ಎಂದರು. ಜನ ಆಕೆಯನ್ನು ಕಣ್ಣಿನಮ್ಮ ಎನ್ನುತ್ತಿದ್ದರು. ನನಗೂ ಅಷ್ಟು ಸಾಕು.

ಗಿಡ್ಡ ಆಳು. ಹತ್ತಿಯ ಸೀರೆ, ಮೇಲೊಂದು ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಟಾರ್ಚು, ಹೆಗಲ ಮೇಲೆ ತೊಳೆದ ಟವೆಲ್ಲು. ಯಾರನ್ನು ಕಂಡರೂ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ನೋಡಿ, ನಂತರವೇ ಮುಖ ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನ ಆ ತುದಿಯಿಂದ ಕೂಗುತ್ತಿದ್ದರು: "ಏನಪ್ಪ, ಎಡಗಣ್ಣು ಹೆಂಗೈತೆ?" ಎದುರಿನವನಿಗೆ ತನ್ನಲ್ಲಿ ಅರ್ಧವನ್ನು ಮಾತ್ರ ವಿಚಾರಿಸಿದಂತಾಗುತ್ತಿತ್ತು. ಮದುವೆ ಮನೆಯಲ್ಲಿ ಗಂಡಿನ ಮೆಳ್ಳೆಗಣ್ಣನ್ನು ಹೆಣ್ಣಿನವರಿಗೆ ತೋರಿಸಿಕೊಟ್ಟು, ಊಟ ಮಾಡದೆ ಎದ್ದು ಬರಬೇಕಾದ ಪ್ರಸಂಗವೂ ಒಮ್ಮೆ ನಡೆದಿತ್ತು.

ಆಕೆಯ ಕೆಲಸದ ಕ್ರಮವನ್ನು ಯಾವ ಸುತ್ತೋಲೆಯೂ ಹೇಳಿಕೊಟ್ಟದ್ದಲ್ಲ. ಶಿಬಿರದಲ್ಲಿ ಯಾರಿಗಾದರೂ ತೊಂದರೆ ಕಂಡರೆ ಚಿತ್ರದುರ್ಗಕ್ಕೆ ಹೋಗಿ ಎಂದು ಚೀಟಿ ಬರೆಯಬೇಕು. ಬರೆಯುತ್ತಿದ್ದರು. ಜನ ಚೀಟಿ ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಸೀದಾ ಮನೆಗೆ ಹೋಗುತ್ತಿದ್ದರು. ಒಂದು ವರ್ಷ ಇದನ್ನು ನೋಡಿದ ಕಣ್ಣಿನಮ್ಮ, ಮರುವರ್ಷದಿಂದ ಚೀಟಿ ಬರೆದ ಕೂಡಲೇ ಹೊರಗೆ ಹೋಗಿ ಬಾಗಿಲಲ್ಲಿ ಬಿಟ್ಟಿದ್ದ ಆ ವ್ಯಕ್ತಿಯ ಎಡಗಾಲಿನ ಚಪ್ಪಲಿಯನ್ನು ತೆಗೆದು ಗೋಣಿಚೀಲಕ್ಕೆ ಹಾಕತೊಡಗಿದರು. ಚೀಲ ಆಸ್ಪತ್ರೆಯ ವ್ಯಾನಿನಲ್ಲಿ ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಚಪ್ಪಲಿ ಬೇಕಾದವರು ಅದರ ಜೊತೆಗೇ ಹೋಗಬೇಕು.

"ಇದು ಯಾವ ಕಾನೂನು ತಾಯಿ?" ಎಂದು ಒಬ್ಬ ರೈತ ಜಗಳಕ್ಕೆ ನಿಂತಿದ್ದ.

"ಕಾನೂನು ಕಣ್ಣಿಗೆ ಐತಪ್ಪ, ಕಾಲಿಗಿಲ್ಲ. ವ್ಯಾನ್ ಹತ್ತು."

"ಬರಿಗಾಲಾಗೆ ಹೋಗ್ತೀನಿ ನಾನು."

"ಹೋಗು. ಒಂದು ಕಾಲಿಂದು ನಿನ್ ತಾವೇ ಐತಲ್ಲ, ಅದನ್ನ ಏನ್ ಮಾಡ್ತೀ? ಬಿಸಾಕಕ್ಕೆ ಮನಸ್ ಬರ್ತೈತಾ?"

ಬರುತ್ತಿರಲಿಲ್ಲ. ಹೊಸ ಚಪ್ಪಲಿಯಲ್ಲಿ ಒಂದನ್ನು ಬಿಸಾಕುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಗೊಣಗುತ್ತಾ ವ್ಯಾನು ಹತ್ತುತ್ತಿದ್ದರು. ರೋಗಿಗಳು ತಪ್ಪದೆ ಆಸ್ಪತ್ರೆ ಮುಟ್ಟುವುದರಲ್ಲಿ ನಮ್ಮ ತಾಲ್ಲೂಕು ಮುಂದಿದೆ ಎಂದು ಮೇಲಿನವರು ಹೊಗಳಿ, ಯಾವ ವಿಧಾನ ಅನುಸರಿಸಿದಿರಿ ಎಂದು ಕಾಗದ ಬರೆದು ಕೇಳಿದ್ದರಂತೆ. "ಆಪ್ತ ಸಮಾಲೋಚನೆ" ಎಂದು ಉತ್ತರ ಹೋಯಿತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಾನು ಸಿರಿಗೆರೆಯ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವನು. ಮುಖ್ಯೋಪಾಧ್ಯಾಯನಾಗಿ ನನ್ನ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರುವವರೆಗೆ ನಿದ್ದೆ ಮಾಡಿದವನಲ್ಲ. ಮೊದಲ ಕಣ್ಣಿನ ಶಿಬಿರ ನಮ್ಮ ಶಾಲೆಯಲ್ಲಿ ನಡೆಯುತ್ತದೆ ಎಂದು ಪತ್ರ ಬಂದಾಗ, ಪರೀಕ್ಷೆ ಎಂಬ ಪದ ಕಂಡಿತು. ಪರೀಕ್ಷೆಗೆ ತಯಾರಿ ಬೇಡವೆ? ಹದಿನೈದು ದಿನ ಮುಂಚೆ ಆರೋಗ್ಯ ಕಿಟ್ಟಿನಲ್ಲಿದ್ದ ಕಣ್ಣಿನ ಬೋರ್ಡನ್ನು ತೆಗೆಸಿ ವರಾಂಡದಲ್ಲಿ ತೂಗುಹಾಕಿಸಿದೆ. ಓದು ಬಲ್ಲವರಿಗೆ ಅಕ್ಷರಗಳದ್ದು. ಬಾರದವರಿಗೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳದ್ದು. ಹಲ್ಲು ಯಾವ ಕಡೆಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಸಂಜೆ ಐದರಿಂದ ಆರರವರೆಗೆ ಊರಿನ ಹಿರಿಯರನ್ನೆಲ್ಲ ಕೂರಿಸಿ, ಬೆತ್ತ ಹಿಡಿದು ಸಾಲುಸಾಲಾಗಿ ಹೇಳಿಸಿದೆ. ಹತ್ತಿರ ಬಂದು ನೋಡಿಕೊಳ್ಳಲು ಅವಕಾಶವಿತ್ತು. ಹಿಂದುಳಿದವರಿಗೆ ಭಾನುವಾರ ವಿಶೇಷ ತರಗತಿ.

ಶಿಬಿರದ ದಿನ ಉದ್ದನೆಯ ಸಾಲು. ಆಕೆ ಒಬ್ಬರೇ. ಒಬ್ಬೊಬ್ಬರಿಗೆ ಒಂದೆರಡು ನಿಮಿಷ. ಬೋರ್ಡು ಓದದವರ ಕಣ್ಣಿನೊಳಗೆ ಟಾರ್ಚು ಹಾಕಿ ನೋಡುವುದು, ಓದಿದವರನ್ನು ಕಳಿಸುವುದು. ನಮ್ಮ ಊರಿನವರು ಗಡಗಡನೆ ಓದಿದರು. ಎಂಟು ವರ್ಷ ಇದೇ ನಡೆಯಿತು, ನಾನು ನಿವೃತ್ತನಾಗಿ ಶಿಬಿರವನ್ನು ಸಂಘದ ಹೆಸರಿನಲ್ಲಿ ನಡೆಸತೊಡಗಿದ ಮೇಲೂ. ನಮ್ಮದು ಆರೋಗ್ಯವಂತ ಕಣ್ಣುಗಳ ಹೋಬಳಿ ಎಂದು ಹೆಸರಾಯಿತು. ಸಂಘಕ್ಕೆ ಒಂದು ಫಲಕ ಕೊಟ್ಟರು. ಅದನ್ನು ನಾನೇ ಮಟ್ಟ ನೋಡಿ ಗೋಡೆಗೆ ಮೊಳೆ ಹೊಡೆದು ಹಾಕಿದೆ.

ಮೂರು ವರ್ಷದ ಹಿಂದೆ ಹೊಸ ಯಂತ್ರ ಬಂತು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕ್ಯಾಮೆರಾ. ಕಣ್ಣಿನ ಒಳಪರದೆಯ ಚಿತ್ರ ತೆಗೆದು, ಕೃತಕ ಬುದ್ಧಿಮತ್ತೆಯಿಂದ ತಾನೇ ಪರಿಶೀಲಿಸಿ, ಪರವಾಗಿಲ್ಲದಿದ್ದರೆ ಹಸಿರು ಚೌಕ, ಸಂಶಯವಿದ್ದರೆ ಕೆಂಪು ಚೌಕ ತೋರಿಸುತ್ತದೆ. ಅದರ ಜೊತೆಗೆ ಬೆಂಗಳೂರಿನಿಂದ ಒಬ್ಬ ಇಂಜಿನಿಯರು, ದೊಡ್ಡ ಕಣ್ಣು ಬರೆದ ಒಂದು ವ್ಯಾನು. ಕರಪತ್ರ ಬರೆದವನು ನಾನು: "ಕಣ್ಣಿನ ಫೋಟೋವನ್ನು ಉಚಿತವಾಗಿ ತೆಗೆಯಲಾಗುವುದು."

ಫೋಟೋ ಎಂದ ಮೇಲೆ ನಮ್ಮ ಜನ ಹೇಗೆ ಬರುತ್ತಾರೋ ಹಾಗೆಯೇ ಬಂದರು. ಹೆಂಗಸರು ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿಕೊಂಡು, ಪೌಡರು ಬಳಿದುಕೊಂಡು ಬಂದರು. ಗಂಡಸರು ಕ್ಷೌರ ಮಾಡಿಸಿಕೊಂಡಿದ್ದರು. ಕಣ್ಣು ಹೊಳೆಯಲಿ ಎಂದು ಹರಳೆಣ್ಣೆ ಬಿಟ್ಟುಕೊಂಡವರೂ ಇದ್ದರು. ಒಬ್ಬ ಅಜ್ಜ ಎರಡು ಕಾಪಿ ಕೇಳಿದ. ಒಂದು ಜೋಡಿ, ತೆಗೆದರೆ ಇಬ್ಬರದೂ ಒಟ್ಟಿಗೆ ತೆಗೆಯಿರಿ ಎಂದು ಹಟ ಹಿಡಿಯಿತು. ಉದ್ಘಾಟನೆಗೆ ಮುಂಚೆ ಪ್ರಯೋಗಕ್ಕೆಂದು ಹಿಡಿದಾಗ ಯಂತ್ರ ಎಲ್ಲರಿಗೂ ಒಂದೇ ಮಾತು ಹೇಳಿತು: ಚಿತ್ರ ಅಸ್ಪಷ್ಟ. ಕಣ್ಣಿನಮ್ಮ ಸೆರಗು ಸಿಕ್ಕಿಸಿ, ಎಲ್ಲರನ್ನೂ ನಲ್ಲಿಯ ಹತ್ತಿರ ಸಾಲು ನಿಲ್ಲಿಸಿ ಮುಖ ತೊಳೆಸಿದರು. "ಒಳಗಿನ ಫೋಟೋ ಕಣವ್ವ ಇದು, ಒಳಗೆ ಯಾರೂ ಪೌಡ್ರು ಹಾಕ್ಕಳಲ್ಲ."

ಉದ್ಘಾಟನೆಗೆ ಬರಬೇಕಿದ್ದ ಮುಖಂಡರು ಹಿರಿಯೂರಿನ ಮದುವೆಯೊಂದರಲ್ಲಿ ಸಿಕ್ಕಿಕೊಂಡಿದ್ದರು. ಹೊತ್ತಾಗುತ್ತಿತ್ತು. ಮೊದಲ ಕಣ್ಣು ನನ್ನದೇ ಆಗಲಿ ಎಂದು ಶಿರಸ್ತೇದಾರರು ಸೂಚಿಸಿದರು. ಕೂತೆ. ಇಂಜಿನಿಯರು ಕ್ಯಾಮೆರಾ ಹಿಡಿದ. ಪರದೆಯ ಮೇಲೆ, ನೆರೆದವರೆಲ್ಲ ನೋಡುತ್ತಿದ್ದಂತೆ, ಕೆಂಪು ಚೌಕ ಬಂತು.

"ಸೆಟ್ಟಿಂಗ್ ಪ್ರಾಬ್ಲಮ್ ಇರ್ಬೇಕು ಸಾರ್" ಎಂದು ಆತ ಇನ್ನೊಮ್ಮೆ ಹಿಡಿದ. ಮತ್ತೆ ಕೆಂಪು. ಮೂರನೆಯ ಸಲವೂ.

"ಮೇಷ್ಟ್ರ ಕಣ್ಣು ನಂಗೊತ್ತಿಲ್ವಾ?" ಎಂದರು ಕಣ್ಣಿನಮ್ಮ. "ವರ್ಷಾ ವರ್ಷಾ ಕೊನೇ ಸಾಲು ತಪ್ಪಿಲ್ದೆ ಓದ್ತಾರೆ. ನಿಮ್ ಮಿಷನ್ನಿಗೆ ನಮ್ಮೂರು ಧೂಳು ಕುಂತೈತೆ, ಒರಸ್ರಿ."

"ಫಂಕ್ಷನ್ ದಿನ ಕೆಂಪು ಬ್ಯಾಡ" ಎಂದರು ಶಿರಸ್ತೇದಾರರು. "ಆ ಡ್ರೈವರ್‌ನ ಕುಂದ್ರಿಸ್ರಿ."

ವ್ಯಾನಿನ ಡ್ರೈವರನ ಕಣ್ಣು ಹಸಿರು ತೋರಿಸಿತು. ಚಪ್ಪಾಳೆ ಬಿತ್ತು. ಮರುದಿನದ ಪತ್ರಿಕೆಯಲ್ಲಿ ಕಾರ್ಯದರ್ಶಿಯವರ ಕಣ್ಣು ಪರೀಕ್ಷಿಸುವ ಮೂಲಕ ಯಂತ್ರದ ಉದ್ಘಾಟನೆ ಯಶಸ್ವಿಯಾಯಿತು ಎಂದು ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ವಿಚಿತ್ರವೊಂದು ಶುರುವಾಯಿತು. ಬೋರ್ಡನ್ನು ಚೆನ್ನಾಗಿ ಓದಿದವರಿಗೆ ಯಂತ್ರ ಕೆಂಪು ತೋರಿಸುತ್ತಿತ್ತು, ಮುಖ ತೊಳೆದ ಮೇಲೂ. ಜನ ಯಂತ್ರವನ್ನು ನೋಡಿ ನಗತೊಡಗಿದರು. ಇಂಜಿನಿಯರು ಬೆವರುತ್ತಾ ಬೆಂಗಳೂರಿಗೆ ಫೋನು ಮಾಡುತ್ತಿದ್ದ. ಆಗ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆ ಬಂದರು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಹೆಣ್ಣುಮಗಳು, ಅಕ್ಷರ ಬಾರದವರು, ನನ್ನ ಸಂಜೆಯ ತರಗತಿಯಲ್ಲಿ ಯಾವಾಗಲೂ ಮೊದಲಿಗರು. ಬೋರ್ಡಿನ ಮುಂದೆ ನಿಂತು ಕೋಲಾಟದ ಹೆಜ್ಜೆ ಹಾಕಿದಂತೆ ಕೈ ತಿರುಗಿಸಿದರು: "ಮ್ಯಾಕೆ, ಬಲಕ್ಕೆ, ಬಲಕ್ಕೆ, ಕೆಳಕ್ಕೆ, ಎಡಕ್ಕೆ..."

ಕಣ್ಣಿನಮ್ಮ ಸುಮ್ಮನೆ ನೋಡಿದರು. ಆಮೇಲೆ ಎದ್ದು ಹೋಗಿ ಹೆಗಲ ಮೇಲಿನ ಟವೆಲ್ಲನ್ನು ಬೋರ್ಡಿನ ಮೇಲೆ ಹಾಕಿಬಿಟ್ಟರು.

"ಮ್ಯಾಕೆ, ಎಡಕ್ಕೆ, ಕೆಳಕ್ಕೆ" ಎಂದು ಅಡುಗೆಯಾಕೆ ನಿಲ್ಲಿಸದೆ ಮುಂದುವರಿದರು, ಕೊನೆಯ ಸಾಲಿನವರೆಗೆ. ಒಂದೂ ತಪ್ಪಿರಲಿಲ್ಲ.

ಕಣ್ಣಿನಮ್ಮ ಮೊದಲು ನಕ್ಕರು. ಆ ನಗು ಅರ್ಧಕ್ಕೆ ನಿಂತಿತು. ತಿರುಗಿ ನನ್ನನ್ನು ಕೇಳಿದರು: "ಮೇಷ್ಟ್ರೇ, ಇವ್ರಿಗಿದನ್ನ ಯಾರು ಕಲ್ಸಿದ್ದು?"

"ನಾನೇ" ಎಂದೆ. ಹೆಮ್ಮೆಯಿಂದಲೇ ಎಂದೆ, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ, ನಾನು ವಾಯುವಿಹಾರ ಮುಗಿಸಿ ಬರುವ ಹೊತ್ತಿಗೆ, ಆಕೆ ನಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಎದುರಿಗೆ ಕೂರಿಸಿ, ಬಲಗಣ್ಣು ಮುಚ್ಚಿಸಿ, ತಮ್ಮ ಮೂಗನ್ನೇ ನೋಡಲು ಹೇಳಿ, ಕೆಳಗೆ ಪಕ್ಕದಲ್ಲಿ ಬೆರಳು ಆಡಿಸುತ್ತೇನೆ ಎಂದರು.

"ಎಷ್ಟು ಬೆಳ್ಳು?"

"ಎರಡು."

"ಕೈನೇ ಎತ್ತಿಲ್ಲ ನಾನು."

ಆಮೇಲೆ ಆಕೆಯೇ ಹೇಳಿದರು: "ಮಿಷನ್ನು ಸರಿಯಾಗೇ ಹೇಳೈತೆ. ತಪ್ಪಿದ್ದು ನಾನು. ಬೋರ್ಡ್ ನಂಬ್ಕಂಡು ಎಂಟು ವರ್ಷ ನಿಮ್ಮನ್ನ ವಾಪಸ್ ಕಳ್ಸಿದೀನಿ. ಕಣ್ಣಾಗಿನ ಒತ್ತಡ ಜಾಸ್ತಿ ಆದ್ರೆ ನಡುವಿನ ದೃಷ್ಟಿ ಕೊನೇ ಮಟ ಇರ್ತೈತೆ, ಅಂಚು ತಿಂದ್ಕಂತ ಬರ್ತೈತೆ. ಬರ್ರಿ, ಚಿತ್ರದುರ್ಗಕ್ಕೆ ಹೋಗಾಣ."

ಆ ದಿನ ಸಂಘದ ಸರ್ವಸದಸ್ಯರ ಸಭೆಯಿತ್ತು. ಮುಂದಿನ ವಾರ ನೋಡೋಣ ಎಂದೆ. ಆಕೆ ಇಳಿದು ಹೋಗುವಾಗ ಬಾಗಿಲಲ್ಲಿದ್ದ ನನ್ನ ಎಡಗಾಲಿನ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ನನ್ನ ಬಳಿ ಬೂಟುಗಳಿದ್ದವು. ಚಪ್ಪಲಿ ಹೋದರೆ ನಷ್ಟವೇನೂ ಇರಲಿಲ್ಲ. ಆದರೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದೇ ಒಂದು ಚಪ್ಪಲಿ ಇರುವುದನ್ನು ಹತ್ತು ನಿಮಿಷ ನೋಡಿದೆ. ಅದಕ್ಕಿಂತ ಹೆಚ್ಚು ಹೊತ್ತು ನೋಡಲು ಆಗಲಿಲ್ಲ. ಏಳೂಕಾಲರ ಬಸ್ಸು ಹಿಡಿದೆ. ಆಕೆ ಪಕ್ಕದ ಸೀಟು ಹಿಡಿದಿಟ್ಟಿದ್ದರು.

ಆಸ್ಪತ್ರೆಯಲ್ಲಿ ದೃಷ್ಟಿಯ ಸುತ್ತಳತೆ ನೋಡುವ ಒಂದು ಯಂತ್ರವಿದೆ. ಬಿಳಿ ಬಟ್ಟಲಿನಂಥದ್ದರೊಳಗೆ ಮುಖವಿಟ್ಟು ನಡುವಿನ ದೀಪವನ್ನೇ ನೋಡಬೇಕು. ಸುತ್ತ ಎಲ್ಲಾದರೂ ಚುಕ್ಕಿ ಬೆಳಕು ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಚುಕ್ಕಿಗಳು ಹೆಚ್ಚುಕಡಿಮೆ ಒಂದು ತಾಳಕ್ಕೆ ಬರುತ್ತವೆ ಎಂಬುದನ್ನು ಬೇಗ ಕಂಡುಕೊಂಡೆ. ಕಂಡಾಗಲೂ ಒತ್ತಿದೆ, ಕಾಣದಾಗಲೂ ಒತ್ತಿದೆ. ಕಾಗದ ಹೊರಬಂತು. ಫಲಿತಾಂಶ ವಿಶ್ವಾಸಾರ್ಹವಲ್ಲ ಎಂದು ಯಂತ್ರ ಷರಾ ಬರೆದಿತ್ತು. ಮೂವತ್ತೈದು ವರ್ಷಗಳ ಸೇವೆಯಲ್ಲಿ ನನ್ನ ಬಗ್ಗೆ ಯಾರೂ ಹಾಗೆ ಬರೆದಿರಲಿಲ್ಲ.

ಕಣ್ಣಿನಮ್ಮ ಕಾಗದ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಷ್ಟ್ರೇ, ಇಲ್ಲೂ ಕಾಪಿ ಹೊಡೀತೀರಾ?"

ಎರಡನೆಯ ಸಲ ಕಂಡದ್ದಕ್ಕೆ ಮಾತ್ರ ಒತ್ತಿದೆ. ಎಡಗಣ್ಣಿನ ಚಿತ್ರದಲ್ಲಿ ಕೆಳಗಿನ ಅರ್ಧ ಕಪ್ಪಾಗಿತ್ತು. ಬಲಗಣ್ಣಿನ ಅಂಚು ಬೂದಿ ಬಣ್ಣಕ್ಕೆ ತಿರುಗಿತ್ತು. ಹೋದದ್ದು ಬಾರದು, ಉಳಿದದ್ದನ್ನು ದಿನವೂ ಔಷಧಿ ಹನಿ ಹಾಕಿ ಕಾಪಾಡಬಹುದು ಎಂದರು ಡಾಕ್ಟರು. ಆ ಉಳಿದದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ವಾಪಸು ಬರುವ ಬಸ್ಸಿನಲ್ಲಿ ಚಪ್ಪಲಿ ಹಿಂತಿರುಗಿಸುತ್ತಾ ಕೇಳಿದರು: "ನೀವು ಪಾಸ್ ಮಾಡ್ಸಿದೋರ ಹೆಸ್ರು ಎಲ್ಲಾದ್ರೂ ಇದಾವಾ?"

ಇರದೆ ಏನು? ಎಂಟೂ ವರ್ಷದ ಹಾಜರಿ ಪುಸ್ತಕವಿತ್ತು, ವಯಸ್ಸು ಮತ್ತು ಮನೆಯ ಗುರುತಿನ ಸಮೇತ.

"ಅದೊಂದು ಚಲೋ ಕೆಲ್ಸ ಮಾಡೀರಿ" ಎಂದರು. ಆಕೆ ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಹಿಂದಿನ ಶಿಬಿರಗಳ ಫಲಿತಾಂಶವನ್ನು ನಂಬಬಾರದು, ಎಲ್ಲರನ್ನೂ ಮತ್ತೆ ನೋಡಬೇಕು ಎಂದು ಆಕೆ ಮೇಲಿನವರಿಗೆ ಬರೆದರು. ಗುರಿ ಸಾಧಿಸಲಾಗಿದೆ ಎಂದು ಈಗಾಗಲೇ ವರದಿ ಹೋಗಿದೆ, ಸಾಧಿಸಿದ ಗುರಿಯನ್ನು ಮತ್ತೆ ಸಾಧಿಸಲು ಅವಕಾಶವಿಲ್ಲ ಎಂಬರ್ಥದ ಉತ್ತರ ಬಂತು. ಅಷ್ಟರಲ್ಲಿ ಯೋಜನೆಯ ಅವಧಿ ಮುಗಿದು ವ್ಯಾನು ಬೆಂಗಳೂರಿಗೆ ಹೋಗಿತ್ತು. ಒಂದು ಕ್ಯಾಮೆರಾವನ್ನು ಮಾತ್ರ ತಾಲ್ಲೂಕಿಗೆಂದು ಬಿಟ್ಟುಹೋಗಿದ್ದರು. ಬೆಲೆ ಬಾಳುವ ವಸ್ತು, ಬಳಸಿದರೆ ಹಾಳಾದೀತು ಎಂದು ಉಗ್ರಾಣದವರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಉದ್ಘಾಟನೆಯಾಗಿದೆಯಲ್ಲ, ಇನ್ನೇನು ಬೇಕು ಎಂಬುದು ಅವರ ವಾದ. ಏನಾದರೂ ಆದರೆ ಹೊಣೆ ನನ್ನದು ಎಂದು ಕಣ್ಣಿನಮ್ಮ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡಿ, ಬೀರುವಿನ ಬಾಗಿಲಿಗೇ ಅಂಟಿಸಿ ಕ್ಯಾಮೆರಾ ತೆಗೆದುಕೊಂಡು ಹೋದರು.

ಆಮೇಲೆ ಊರೂರು ತಿರುಗಿದರು, ಭಾನುವಾರಗಳಲ್ಲಿ, ನಿವೃತ್ತರಾದ ಮೇಲೆ ವಾರವಿಡೀ. ಜಗಲಿಯ ಮೇಲೆ ಕೂತು ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಅವತ್ತು ನಿಂಗೆ ಏನೂ ಇಲ್ಲ ಅಂದಿದ್ನಲ್ಲ, ಅದು ತಪ್ಪು. ಮುಖ ತೊಳ್ಕಂಡು ಬಾ." ಸರ್ಕಾರಿ ಸೇವೆಯಲ್ಲಿದ್ದವರೊಬ್ಬರು ಮನೆಬಾಗಿಲಿಗೆ ಬಂದು ತಮ್ಮ ತಪ್ಪನ್ನು ತಾವೇ ಹೇಳಿದ್ದನ್ನು ಜನ ಅದುವರೆಗೆ ಕಂಡಿರಲಿಲ್ಲ. ಏನೋ ಮೋಸವಿರಬೇಕು ಎಂದು ಕೆಲವರು ಬಾಗಿಲು ಹಾಕಿಕೊಂಡರು. ಅಡುಗೆಯಾಕೆಯ ಒಳಪರದೆಗೆ ಸಕ್ಕರೆ ಕಾಯಿಲೆ ಮುಟ್ಟಿತ್ತು. ಲೇಸರು ಮಾಡಿಸಿಕೊಂಡು ಈಗಲೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ.

ಎಲ್ಲರದೂ ಹಾಗಾಗಲಿಲ್ಲ. ಒಬ್ಬ ನಿವೃತ್ತ ಪೋಸ್ಟ್‌ಮ್ಯಾನನ ಮನೆ ಮುಟ್ಟುವ ಹೊತ್ತಿಗೆ ಅವನ ಎರಡೂ ಕಣ್ಣು ಹೋಗಿದ್ದವು. ನನ್ನ ತರಗತಿಯಲ್ಲಿ ಮೂರು ಸಲ ಪಾಸಾದವನು. ಯಾರೋ ದಾನಿಗಳು ಅವನಿಗೆ ವೇದಿಕೆಯ ಮೇಲೆ ಮಾತಾಡುವ ಕನ್ನಡಕ ಕೊಟ್ಟಿದ್ದರು. ಎದುರಿಗಿರುವ ಬರಹವನ್ನು ಕನ್ನಡದಲ್ಲಿ ಓದಿ ಹೇಳುವಂಥದ್ದು. ಅವನು ಅದನ್ನು ಹಾರದ ಸಮೇತ ದೇವರ ಗೂಡಿನಲ್ಲಿಟ್ಟಿದ್ದ. ಹಾಕಿಕೊಂಡು ಏನು ಓದಬೇಕು ಅನ್ನಿಸ್ತೈತೆ ಎಂದು ಕಣ್ಣಿನಮ್ಮ ಕೇಳಿದರು. ಹೆಂಡತಿಗೆ ಮಂಡಿನೋವು, ಅಡುಗೆ ಅವನದು. ಡಬ್ಬಿಗಳನ್ನು ಓದಬೇಕು ಎಂದ. ಕನ್ನಡಕ ಓದಿತು. ಬಿಸ್ಕತ್ತು, ಬಿಸ್ಕತ್ತು, ಹಾಲಿನ ಪುಡಿ, ಗುಲಾಬ್ ಜಾಮೂನ್, ಬಿಸ್ಕತ್ತು. ಒಳಗಿದ್ದದ್ದು ತೊಗರಿಬೇಳೆ, ರಾಗಿಹಿಟ್ಟು, ಉಪ್ಪು, ಹುಣಸೆಹಣ್ಣು, ಸಾಸಿವೆ. ಯಾವ ಮನೆಯ ಡಬ್ಬಿ ನಿಜ ಹೇಳುತ್ತದೆ?

"ಕನ್ನಡಕ ಸರಿಯಾಗೇ ಓದ್ತೈತೆ ಬಿಡು, ಡಬ್ಬೀನೇ ಸುಳ್ಳು ಹೇಳ್ತವೆ" ಎಂದು ಕಣ್ಣಿನಮ್ಮ ಅರ್ಧ ದಿನ ಕೂತು ಪ್ರತಿ ಡಬ್ಬಿಗೂ ಚೀಟಿ ಬರೆದು ಅಂಟಿಸಿದರು. ಅಂಟು ಹಚ್ಚಿಕೊಟ್ಟವನು ನಾನು. ಪೋಸ್ಟ್‌ಮ್ಯಾನು ನನ್ನ ದನಿಯ ಕಡೆ ತಿರುಗಿ, "ಮೇಷ್ಟ್ರೇ, ಅವತ್ತು ಪಾಸ್ ಮಾಡ್ಸಿದ್ರಿ, ಸರ್ಟಿಫಿಕೇಟ್ ಕೊಡ್ಲೇ ಇಲ್ಲ" ಎಂದ. ನಗುತ್ತಲೇ ಎಂದ. ಊರಿಗೆ ಬಂದು ಸಂಘದ ಗೋಡೆಯ ಮೇಲಿದ್ದ ಫಲಕವನ್ನು ಇಳಿಸಿದೆ.

ಆಕೆ ತೀರಿಕೊಂಡ ಮೂರನೆಯ ದಿನ ಅವರ ತಮ್ಮ ಬಂದು, ನನ್ನ ಹಾಜರಿ ಪುಸ್ತಕದಿಂದ ಆಕೆ ಬರೆದುಕೊಂಡಿದ್ದ ಪಟ್ಟಿಯನ್ನು ನನಗೆ ಒಪ್ಪಿಸಿದರು. ಎಲ್ಲ ಹೆಸರಿಗೂ ಗುರುತು ಬಿದ್ದಿತ್ತು, ಒಂದನ್ನು ಬಿಟ್ಟು. ಅದು ನಮ್ಮ ಶಿರಸ್ತೇದಾರರದು. ಬೋರ್ಡನ್ನು ನನಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದವರು. ಮೂರು ವರ್ಷ ಆಕೆಯಿಂದ ತಪ್ಪಿಸಿಕೊಂಡು ಓಡಾಡಿದ್ದರು. ಅವರ ಚಪ್ಪಲಿಯನ್ನೂ ಒಮ್ಮೆ ಒಯ್ದದ್ದುಂಟು. "ಇಟ್ಕ ತಾಯಿ, ಮನ್ಯಾಗೆ ಇನ್ನೂ ಆರು ಜೊತೆ ಅವೆ" ಎಂದು ನಕ್ಕಿದ್ದರಂತೆ.

ಗುರುವಾರದ ಸಭೆಯಲ್ಲಿ ಸಂತಾಪ ನಿರ್ಣಯ ಓದಿದವರು ಅವರೇ. ಕರಡನ್ನು ನಾನು ಹಿಂದಿನ ಸಂಜೆಯೇ ಅವರ ಮನೆಗೆ ಕೊಟ್ಟು ಬಂದಿದ್ದೆ. ರಾತ್ರಿ ಹಳೆಯ ಕಾಗದ ನೋಡಿದಾಗ ಆಕೆಯ ಸೇವಾವಧಿ ಮೂವತ್ತು ವರ್ಷವಲ್ಲ, ಮೂವತ್ತೆರಡು ಎಂದು ತಿಳಿಯಿತು. ಬೆಳಿಗ್ಗೆ ತಿದ್ದಿದ ಹೊಸ ಹಾಳೆಯನ್ನು ಅವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು, ಹಾಳೆಯ ಮೇಲೆ ಬೆರಳು ಸರಿಸುತ್ತಾ ನಿರರ್ಗಳವಾಗಿ ಓದಿದರು: "ಮೂವತ್ತು ವರ್ಷಗಳ ಸುದೀರ್ಘ ಸೇವೆ." ನಾನು ಹೊಡೆದುಹಾಕಿದ್ದ ಒಂದು ವಾಕ್ಯವನ್ನೂ ಭಾವಪೂರ್ಣವಾಗಿ ಓದಿದರು. ಯಾರಿಗೂ ಏನೂ ತಿಳಿಯಲಿಲ್ಲ. ನಾನು ಮೇಷ್ಟರು. ಬಾಯಿಪಾಠದ ಸದ್ದು ನನಗೆ ಗೊತ್ತು. ಇದನ್ನೂ ಮುಂದಿನದನ್ನೂ ಆಮೇಲೆ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ತಿಂಡಿಯ ಹೊತ್ತಿನಲ್ಲಿ ಅವರನ್ನು ಬದಿಗೆ ಕರೆದು ಆ ಹಾಳೆಯನ್ನೇ ಕೊಟ್ಟೆ. "ಮೊದಲನೇ ಸಾಲು ಇನ್ನೊಂದ್ಸಲ ಓದ್ರಿ ಶಿರಸ್ತೇದಾರ್ರೇ."

"ಈಗ್ತಾನೆ ಓದಿದ್ನಲ್ರಿ."

"ಅದು ನಿನ್ನೆ ಕೊಟ್ಟ ಹಾಳೆ. ಇದು ಬೇರೆ."

ಅವರು ಹಾಳೆಯನ್ನು ದೂರ ಹಿಡಿದರು, ಹತ್ತಿರ ತಂದರು. ಆಮೇಲೆ ಮಡಿಸಿ ನನ್ನ ಜೇಬಿಗೇ ಇಟ್ಟರು. "ಸೊಸೆ ಕೈಲಿ ಮೂರು ಸಲ ಓದ್ಸಿ ಕಲ್ತಿದ್ದೆ" ಎಂದರು ಮೆಲ್ಲಗೆ. "ಯಾರ ಮುಂದೂ ಹೇಳ್ಬ್ಯಾಡ್ರಿ. ಅಧ್ಯಕ್ಷ ಕುರುಡ ಅಂದ್ರೆ ಚೆನಾಗಿರಲ್ಲ."

"ಹೇಳಲ್ಲ. ಹನ್ನೆರಡೂವರೆ ಬಸ್ಸಿಗೆ ನನ್ ಜೊತೆ ಬರ್ರಿ."

"ಸೋಮಾರ ಹೋಗಾಣ."

"ಆಕೆ ಇದ್ದಿದ್ರೆ ಸೋಮಾರ ಅಂತ ಹೇಳಿ ತಪ್ಪಿಸ್ಕಂತಿದ್ರಿ. ಈಗ ತಪ್ಪಿಸ್ಕಂಡು ಯಾರಿಗೆ ತೋರಿಸ್ತೀರಿ?"

ಅವರು ದೀಪದ ಕಡೆ ಮುಖ ಮಾಡಿದರು. ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಇತ್ತು. ಎದ್ದರು.

ಒಂದೂ ಮುಕ್ಕಾಲಿಗೆ ಆಸ್ಪತ್ರೆಯಲ್ಲಿದ್ದೆವು. ಅಲ್ಲಿಯೂ ಈಗ ಆ ಕ್ಯಾಮೆರಾ ಬಂದಿದೆ. ಎರಡೂ ಕಣ್ಣಿಗೆ ಕೆಂಪು. ಸಕ್ಕರೆ ಕಾಯಿಲೆ ಎಡಗಣ್ಣನ್ನು ಮುಗಿಸಿದೆ, ಬಲಗಣ್ಣಿಗೆ ಒಳಗೇ ಸೂಜಿಮದ್ದು ಕೊಡಬೇಕು, ಸೋಮವಾರ ಮೊದಲನೆಯದು, ತಪ್ಪದೆ ಬಂದರೆ ಉಳಿಸಬಹುದು ಎಂದರು ಡಾಕ್ಟರು. ಇನ್ನು ಎರಡು ತಿಂಗಳು ತಡವಾಗಿದ್ದರೆ ಎಂದು ಶುರು ಮಾಡಿದವರು, ಶಿರಸ್ತೇದಾರರ ಮುಖ ನೋಡಿ ಮಾತು ನಿಲ್ಲಿಸಿದರು.

"ಕಣ್ಣಿಗೇ ಸೂಜೀನಾ?" ಎಂದರು ಶಿರಸ್ತೇದಾರರು.

"ನೋವಾಗಲ್ಲ ಸಾರ್. ಮರಗಟ್ಟಕ್ಕೆ ಹನಿ ಹಾಕ್ತೀವಿ."

"ಮೇಷ್ಟ್ರು ಜೊತೆಗಿರ್ಬೌದಾ?"

ಇರಬಹುದು ಎಂದರು. ಪಟ್ಟಿ ತೆಗೆದು ಕೊನೆಯ ಹೆಸರಿಗೆ ಗುರುತು ಹಾಕಿದೆ. ಆಗ ನಾಲ್ಕು ಗಂಟೆ ಹತ್ತು ನಿಮಿಷ.

ವಾಪಸು ಬರುವಾಗ ಬಸ್ಸಿನ ಬಾಗಿಲಲ್ಲಿ ಅವರು ತಡೆದು ನಿಂತರು. ಹಿಂದಿನವರು ತಳ್ಳುತ್ತಿದ್ದರು. ಎಂದೂ ಯಾರ ತೋಳನ್ನೂ ಹಿಡಿಯದ ಮನುಷ್ಯ ನನ್ನ ತೋಳು ಹಿಡಿದು ಕೇಳಿದರು: "ಮೆಟ್ಲು ಎಷ್ಟವೆ?"

"ಮೂರು" ಎಂದೆ. ಎಣಿಸಿಕೊಂಡು ಹತ್ತಿದರು.

ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರನ್ನು ಮನೆ ಮುಟ್ಟಿಸಿದೆ. ಸೊಸೆಗೆ ವಿಷಯ ತಿಳಿಸಿ, ಸೋಮವಾರದ ಬಸ್ಸಿನ ಹೊತ್ತು, ಆಸ್ಪತ್ರೆಯ ಕೊಠಡಿ ಸಂಖ್ಯೆ, ಬೆಳಿಗ್ಗೆ ತೆಗೆದುಕೊಳ್ಳಬೇಕಾದ ಮಾತ್ರೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತಿದ್ದೆ. ಒಳಗೆ ಮಂಚದ ಮೇಲೆ ಕೂತಿದ್ದ ಶಿರಸ್ತೇದಾರರು ಕೂಗಿ ಹೇಳಿದರು: "ದೊಡ್ಡಕ್ಷರದಾಗೆ ಬರೀರಿ ಮೇಷ್ಟ್ರೇ. ನಾನೂ ಓದ್ಬೇಕು."

ಬರೆದದ್ದನ್ನು ಹರಿದು, ಸೊಸೆಯಿಂದ ಹಳೆಯ ಕ್ಯಾಲೆಂಡರಿನ ಹಾಳೆ ಕೇಳಿ ಪಡೆದು, ಅದರ ಹಿಂಬದಿಯಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಮತ್ತೆ ಬರೆದೆ. ಒಂದು ಹಾಳೆ ಸಾಲಲಿಲ್ಲ, ಮೂರು ಬೇಕಾದವು. ಒಂದೊಂದನ್ನೇ ಅವರ ಮುಂದೆ ಹಿಡಿದೆ. ತಡವರಿಸುತ್ತಾ, ಒಂದು ಕಡೆ ತಪ್ಪಿ, ತಿದ್ದಿಕೊಂಡು, ಮೂರನ್ನೂ ಓದಿದರು. ಆಮೇಲೆ ಅವನ್ನು ಮಂಚದ ಎದುರಿನ ಗೋಡೆಗೆ ಅಂಟಿಸಿ ಮನೆಗೆ ಬಂದೆ.